ಹಗೇವಿನೊಳಗಿನ ಥರ್ಮಾಮೀಟರ್

ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮೊದಲು ನಾನು ವಿಜಾಪುರದ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಸಂಶೋಧನೆ ಎಂದರೆ ಸ್ಪೆಕ್ಟ್ರೋಸ್ಕೋಪಿ, ಎಕ್ಸ್-ರೇ ಎಂದು ದೊಡ್ಡ ಊರಿನವರು ಮಾತಾಡುತ್ತಿದ್ದ ಕಾಲ. ನಮ್ಮಲ್ಲಿ ಅದಕ್ಕೆ ಬೇಕಾದ ಯಂತ್ರಗಳೂ ಇರಲಿಲ್ಲ, ನೆಟ್ಟಗೆ ಕರೆಂಟೂ ಇರಲಿಲ್ಲ. ಮುಖ್ಯಸ್ಥರಾದ ದೇಸಾಯಿ ಸರ್ ಮಾತ್ರ ಎದೆಗುಂದಲಿಲ್ಲ. "ಕಾಲ ಕೆಳಗಿನ ಮಣ್ಣ ನಮ್ಮ ಲ್ಯಾಬೊರೇಟರಿ ಆಗ್ಲಿ" ಎಂದು ನೆಲದೊಳಗಿನ ಉಷ್ಣದ ಹರಿವನ್ನೇ ವಿಷಯವಾಗಿ ಆರಿಸಿಕೊಂಡರು. ಎಂಥ ಧೈರ್ಯ ಅವರದು!

ಆ ವಿಷಯದಲ್ಲಿ ಎಂ.ಎಸ್ಸಿ.ಗೆ ಕೂತವನು ಸಾರವಾಡದ ಇನಾಯತ್. ಜೋಳವನ್ನು ನೆಲದಡಿ ಕೂಡಿಡುವ ಹಗೇವು ಅವನ ಮನೆಯಂಗಳದಲ್ಲೇ ಇತ್ತು. ಅದು ಖಾಲಿಯಿದ್ದಾಗ ಥರ್ಮಾಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಬಾಯಿಗೆ ಕಲ್ಲು ಮುಚ್ಚಿ, ಹೊತ್ತುಹೊತ್ತಿಗೆ ಮೇಲೆತ್ತಿ ಓದುತ್ತಿದ್ದ. ಗ್ರಾಫ್ ಮಧ್ಯಾಹ್ನ ಗುಡ್ಡದಂತೆ ಏರಿ ಸಂಜೆ ಇಳಿಯುತ್ತಿತ್ತು. ನಾವೆಲ್ಲ ಹಿಗ್ಗಿದೆವು. ವಿಶ್ವವಿದ್ಯಾಲಯದ ಪರೀಕ್ಷಕರು ಒಪ್ಪಿದರೆ ಅವನಿಗೆ ಪದವಿ, ವಿಭಾಗಕ್ಕೆ ಸಂಶೋಧನೆಯ ಮಾನ್ಯತೆ. ಒಪ್ಪದಿದ್ದರೆ ಎರಡೂ ಇಲ್ಲ.

ಪರೀಕ್ಷಕರು ಬರಲು ಕೆಲವೇ ದಿನ ಉಳಿದಾಗ ಇನಾಯತ್ ಸಣ್ಣ ಮುಖ ಮಾಡಿಕೊಂಡು ಬಂದ. "ಸರ್, ಮೋಡ ಇದ್ದ ದಿನ ಗ್ರಾಫ್ ಏರೇ ಇಲ್ರಿ. ಮ್ಯಾಲ ಮೋಡ ಬಂದದ್ದು ಅಷ್ಟ ಆಳಕ್ಕ ಅವತ್ತ ಹ್ಯಾಂಗ ಗೊತ್ತಾತ್ರಿ?"

ಸರ್ ಗ್ರಾಫನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. "ಮ್ಯಾಲ ಎತ್ತಿ ಓದೂದ್ರಾಗ ಬಿಸಲ ಬಡದೈತಿ. ನಾವು ಅಳದದ್ದು ಅಂಗಳಾನ, ಹಗೇವನ್ನಲ್ಲ" ಎಂದರು.

ದುಡಿಮೆಯೆಲ್ಲ ನೀರುಪಾಲಾಯಿತಲ್ಲ ಎಂದು ನನಗೆ ತಲೆಕೆಟ್ಟು ಹೋಯಿತು. ಇನಾಯತ್ ಮಾತ್ರ ಥರ್ಮಾಮೀಟರಿನ ಬುರುಡೆಗೆ ದಪ್ಪಗೆ ಮೇಣ ಮೆತ್ತಿದ. ಮೇಲೆತ್ತಿ ಓದುವಷ್ಟರಲ್ಲಿ ಪಾದರಸ ಕದಲಬಾರದೆಂದು. ಉಳಿದಷ್ಟು ದಿನ ಮತ್ತೆ ಮೊದಲಿನಿಂದ ಅಳೆದ. ಈ ಸಲ ಬಂದದ್ದು ಮಟ್ಟಸವಾದ ಒಂದು ಗೆರೆ, ಅಷ್ಟೇ.

ಪರೀಕ್ಷಕರು ಧಾರವಾಡದ ಕಡೆಯವರು. ಇನಾಯತ್ ಎರಡೂ ಗ್ರಾಫುಗಳನ್ನು ಮೇಜಿನ ಮೇಲೆ ಹರಡಿದ. ಅವರ ಬೆರಳು ನೆಟ್ಟಗೆ ಹಳೆಯದರ ಮೇಲೆ ಹೋಯಿತು.

"ಇದು ಚಂದ ಐತಿ."

"ಚಂದ ಐತ್ರಿ, ಖರೇ ಇಲ್ರಿ" ಎಂದ ಇನಾಯತ್, ತಾನು ಎಡವಿದ್ದು ಎಲ್ಲಿ ಎಂದು ವಿವರಿಸಿದ.

"ಹಂಗಾದ್ರ ಈ ಸಪಾಟ ಗೆರಿಯೊಳಗ ಏನೈತೋ ತಮ್ಮಾ?"

"ಹೊರಗ ಎಷ್ಟ ಬಿಸಲಿದ್ರೂ ಒಳಗ ಏನೂ ಆಗೂದಿಲ್ಲ ಅನ್ನೂದ ಐತ್ರಿ. ಅದಕ್ಕ ನಮ್ಮ ಜ್ವಾಳ ಉಳೀತೈತ್ರಿ."

ಪರೀಕ್ಷಕರು ನಕ್ಕು, ಆ ಮಟ್ಟಸ ಗೆರೆಯ ಕೆಳಗೆ ಸಹಿ ಹಾಕಿದರು.

ಮುಂದೆ ನಮ್ಮ ವಿಭಾಗಕ್ಕೆ ಎಕ್ಸ್-ರೇ ಯಂತ್ರವೂ ಬಂತು. ನಿವೃತ್ತನಾಗುವ ತನಕ, ವಿದ್ಯಾರ್ಥಿಗಳು ಚಂದದ ಗ್ರಾಫ್ ಹಿಡಿದು ಬಂದಾಗಲೆಲ್ಲ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮೋಡ ಇದ್ದ ದಿನ ಏನಾತು?"