ಶಾಸಕರು ಕಳಿಸಿದ ಶಾಲು

ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸ ಹಿಡಿದವನು ನಾನು. ಹಿಂದೂಪುರದಲ್ಲಿ ನಾನು ಕಟ್ಟಿದ ಮನೆಗಳ ಮುಂದೆ ಈಗಲೂ ತಲೆ ಎತ್ತಿ ನಡೆಯುತ್ತೇನೆ. ಬಿರುಕು ಬಿಟ್ಟಿದೆ ಬಾರಯ್ಯ ಎಂದು ಯಾರೂ ನನ್ನನ್ನು ವಾಪಸ್ ಕರೆಸಿಲ್ಲ. ಶಾಸಕರೊಬ್ಬರು ನನ್ನನ್ನು ಹುಡುಕಿ ಬಂದದ್ದು ಅದಕ್ಕೇ. ಅವರ ಕ್ಷೇತ್ರ ಬೇರೆ ಕಡೆ, ಅದು ಇಲ್ಲಿ ಬೇಡ. ದೊಡ್ಡ ಮನೆ ಮಾತ್ರ ಹಿಂದೂಪುರದಲ್ಲಿ ಕಟ್ಟಿಸಿದರು.

ಮುಂಬಾಗಿಲ ಚೌಕಟ್ಟು ನಿಲ್ಲಿಸುವಾಗ ಒಂದು ಕಡೆ ಗಂಡ, ಇನ್ನೊಂದು ಕಡೆ ಹೆಂಡತಿ ಹಿಡಿಯಬೇಕು. ಇಬ್ಬರೂ ಕೈ ಇಟ್ಟ ಮೇಲೆಯೇ ಮೇಸ್ತ್ರಿ ಗಾರೆ ಹಾಕುವುದು. ಶಾಸಕರು ಹೆಂಡತಿಯ ಎದುರು ನಿಂತು ಹಿಡಿದರು. ಫೋಟೋದವರೂ ಬಂದಿದ್ದರು. ಅದೇ ವಾರ ಸಾಮೂಹಿಕ ಮದುವೆಯೊಂದರಲ್ಲಿ ಮದುಮಕ್ಕಳಿಗೆ, "ತಾಳಿ ಕಟ್ಟಿದ ಕೈ ಇನ್ನೊಂದು ಮನೆ ಬಾಗಿಲು ತಟ್ಟಬಾರದು" ಎಂದು ಬುದ್ಧಿ ಹೇಳಿದರು. ಚೆನ್ನಾಗಿ ಹೇಳಿದರು. ನಾನೂ ಚಪ್ಪಾಳೆ ತಟ್ಟಿದೆ.

ದೊಡ್ಡ ಮನೆಗೆ ಬಣ್ಣ ಹೊಡೆಯುತ್ತಿರುವಾಗಲೇ ಅವರ ಪಿ.ಎ. ನನ್ನನ್ನು ಕಲ್ಯಾಣದುರ್ಗಕ್ಕೆ ಕರೆದೊಯ್ದ. ಬ್ರಹ್ಮಸಮುದ್ರದ ರಸ್ತೆಯಲ್ಲಿ ಒಂದು ಸೈಟು, ಎರಡು ರೂಮಿನ ಮನೆ ಏಳಬೇಕು. "ಸಾರ್‌ಗೆ ಬೇಕಾದೋರು" ಎಂದ. ಹೊಲಿಗೆ ಅಂಗಡಿ ನಡೆಸುವ ಒಬ್ಬ ಹೆಂಗಸು, ವಿಧವೆಯಾದ ಅವಳ ತಾಯಿ. ಸೈಟು ಅವಳ ಹೆಸರಿನಲ್ಲೇ ಇತ್ತು. ಇಂಥದ್ದಕ್ಕೆ ತೆಲುಗಿನಲ್ಲಿ ಚಿನ್ನಿಲ್ಲು ಎನ್ನುತ್ತಾರೆ, ಚಿಕ್ಕಮನೆ, ಎರಡನೆಯ ಸಂಸಾರದ್ದು. ಬೀದಿಗೆಲ್ಲ ಗೊತ್ತಿತ್ತು, ಎದುರಿಗೆ ಯಾರೂ ಆಡುತ್ತಿರಲಿಲ್ಲ. ನಾನೂ ಕೇಳಲಿಲ್ಲ. ನನ್ನ ಕೆಲಸ ಗೋಡೆ.

ಅವಳಿಗೆ ಬೇಕಾಗಿದ್ದುದು ಒಂದೇ. "ಬಾಗ್ಲು ಇಡೋ ದಿನ ಬತ್ತೀನಿ ಅಂದವ್ರೆ ಅಣ್ಣ. ಒಂದ್ಸಲ ಎಲ್ರ ಮುಂದೆ ಬಂದು ಕೈ ಇಟ್ಬುಟ್ರೆ ಸಾಕು. ಆಮೇಲೆ ಯಾರು ಏನಂದ್ರೂ ನಾನು ತಲೆ ಕೆಡಿಸ್ಕಣಲ್ಲ."

ಆ ದಿನ ಬೀದಿಯ ಹೆಂಗಸರನ್ನೆಲ್ಲ ಕರೆದಿದ್ದಳು. ಚೌಕಟ್ಟಿಗೆ ಅರಿಸಿನ ಬಳಿದು, ಮಾವಿನೆಲೆ ಕಟ್ಟಿ ಕಾದೆವು. ಬಿಸಿಲೇರಿತು. ರಾಹುಕಾಲ ಹತ್ತಿರವಾಯಿತು. ಪಕ್ಕದ ಮನೆಯ ಮುದುಕಿ ಎಲೆಅಡಿಕೆ ಜಗಿಯುತ್ತಾ, "ಅವರ ಊರಾಗೆ ಇವತ್ತು ಮಹಿಳಾ ಸಭೆ ಅಂತೆ ಕಣಮ್ಮ. ಹೆಂಗಸರನ್ನೆಲ್ಲ ಉದ್ಧಾರ ಮಾಡ್ಬುಟ್ಟು ಬರಬ್ಯಾಡವಾ, ಪಾಪ" ಎಂದಳು. ಕೆಲವರು ಸೆರಗು ಬಾಯಿಗಿಟ್ಟುಕೊಂಡರು.

ಕಾರು ಬಂತು. ಇಳಿದದ್ದು ಪಿ.ಎ. ಒಬ್ಬನೇ. ಕೈಯಲ್ಲಿ ಒಂದು ಶಾಲು.

ಬರಲಾಗದವರ ಬದಲು ಬಟ್ಟೆ ಇಡುವ ಪದ್ಧತಿ ನಮ್ಮಲ್ಲಿ ಇರುವುದೇ. ಗಂಡ ಮಿಲಿಟರಿಯಲ್ಲೋ ಕುವೈತಿನಲ್ಲೋ ಇದ್ದರೆ, ಅವನು ಹಾಕಿಕೊಂಡು ಬಿಟ್ಟ ಬಟ್ಟೆಯನ್ನು ಅವನ ಕಡೆಯ ಕಂಬಕ್ಕೆ ಸುತ್ತಿ ಬಾಗಿಲು ನಿಲ್ಲಿಸುತ್ತೇವೆ. ಮೈಯ ಬೆವರು ತಾಗಿದ ಬಟ್ಟೆ ಇದ್ದರೆ ಅವನೇ ಇದ್ದಂತೆ. ಪಿ.ಎ. ತಂದದ್ದು ಸನ್ಮಾನದ ಶಾಲು. ಪ್ಲಾಸ್ಟಿಕ್ ಕವರಿನಿಂದ ನಮ್ಮ ಮುಂದೆಯೇ ತೆಗೆದ.

ಅವಳು ಬೆರಳಲ್ಲಿ ಮುಟ್ಟಿ ನೋಡಿ, "ಇದು ಅವ್ರು ಹೊದ್ದಿದ್ದಲ್ಲ" ಎಂದಳು.

"ಕಾರ್‌ನಾಗೆ ಇಂಥವು ರಾಶಿ ಬಿದ್ದವೆ ಕಣಮ್ಮ, ಅದ್ರಾಗೆ ಚೆನ್ನಾಗಿರೋದೇ ಆರಿಸ್ಕಂಡು ತಂದಿವ್ನಿ" ಎಂದ ಅವನು. ತಪ್ಪೇನೆಂದು ಅವನಿಗೆ ತಿಳಿಯಲೇ ಇಲ್ಲ.

ಅವಳು ಫೋನ್ ಮಾಡಿದಳು. ಶಾಸಕರು ಎತ್ತಲಿಲ್ಲ. ಪಿ.ಎ. ಮಾಡಿದರೆ ಎತ್ತಿದರು. ಹಿಂದೆ ಮೈಕಿನ ಸದ್ದು. "ಏದೋ ಒಕಟಿ ಕಟ್ಟಿ ಕಾನಿಚ್ಚೇಯಂಡ್ರಾ" ಎಂದರು, ಏನಾದರೊಂದು ಕಟ್ಟಿ ಮುಗಿಸಿ ಅಂತ. ನಮಗೆಲ್ಲ ಕೇಳಿಸಿತು.

ಪಿ.ಎ. ನನ್ನ ಕಡೆ ತಿರುಗಿದ. "ಮೇಸ್ತ್ರಿ, ನಿನ್ ಟವಲ್ ಕೊಡು. ಬೆವರು ತಾನೇ ಬೇಕಾಗಿರೋದು?"

"ನನ್ ಬೆವರು ನನ್ ಹೆಂಡ್ತಿ ಬಾಗ್ಲಿಗೆ ಕಣಪ್ಪ. ನಿಮ್ ಸಾರ್‌ಗೆ ಎರವಲು ಕೊಡಾಕಲ್ಲ."

ಇನ್ನೊಂದು ದಿನ ಇಡೋಣ ತಾಯಿ ಎಂದೆ ಅವಳಿಗೆ. ಅವಳು ಹಿಂದೆ ಪಕ್ಕದ ಮನೆಯ ಗೋಡೆಗೆ ಒರಗಿ ನಿಂತಿದ್ದ ತನ್ನ ತಾಯಿಯನ್ನು ಕರೆದಳು.

"ಬ್ಯಾಡ ಕಣಮ್ಮ, ನಾನು ಮುಟ್ಟಬಾರ್ದು" ಎಂದು ತಾಯಿ ಹಿಂದೆ ಸರಿದಳು.

"ಇದ್ರಾಗೆ ಇರೋರು ಯಾರು? ನೀನು, ನಾನು. ಬಾ, ಹಿಡ್ಕ."

ಇಬ್ಬರೂ ಹಿಡಿದು ನನ್ನ ಮುಖ ನೋಡಿದರು. ವಿಧವೆಯ ಕೈಯಲ್ಲಿ ನಾನು ಯಾವತ್ತೂ ಬಾಗಿಲು ನಿಲ್ಲಿಸಿದವನಲ್ಲ. ನನಗೆ ಕೆಲಸ ಕಲಿಸಿದವರಾಗಿದ್ದರೆ ಕರಣೆ ಕೆಳಗಿಟ್ಟು ಹೊರಟುಬಿಡುತ್ತಿದ್ದರು. ನಾನು ತೂಕದ ಗುಂಡು ಬಿಟ್ಟು ನೋಡಿದೆ. ನೆಟ್ಟಗಿತ್ತು. ಗಾರೆ ಹಾಕಿದೆ. ಎಲೆಅಡಿಕೆಯ ಮುದುಕಿಯೇ ಮೊದಲು ಬಂದು ಕುಂಕುಮ ಇಟ್ಟಳು. ಪಿ.ಎ. ಶಾಲನ್ನು ಮಡಿಸಿ ಮತ್ತೆ ಕವರಿಗೆ ಹಾಕಿಕೊಂಡು ಹೋದ.

ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ, ಒಂದು ಸಂಜೆ ಕತ್ತಲು ಕವಿಯುವ ಹೊತ್ತಿಗೆ ಶಾಸಕರೇ ಬಂದರು. ಕಾರಿನಿಂದ ಇಳಿಯಲಿಲ್ಲ, ಗಾಜು ಅರ್ಧ ಇಳಿಸಿದರು.

"ಮುಂಡೆ ಕೈಲಿ ಬಾಗ್ಲು ಹಿಡಿಸಿದ್ಯಂತಲ್ಲೋ. ನಾನು ಕಾಲಿಡೋ ಮನೆ ಇದು. ಕಿತ್ತಾಕಿ ಹೊಸದಾಗಿ ಇಡು."

"ಗಾರೆ ಹಿಡ್ಕಂಡೈತೆ ಸಾರ್. ಕಿತ್ರೆ ಗೋಡೇನೂ ಬತ್ತೈತೆ."

"ಬರ್ಲಿ."

ಅವಳು ಕತ್ತಿನಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದು ಕಾರಿನ ಪಕ್ಕ ನಿಂತಳು. ದನಿ ಏರಿಸಲಿಲ್ಲ.

"ಕೀಳ್ಸಿ. ಹಿಂಗೆ ಕತ್ತಲಾಗೆ ಬ್ಯಾಡ. ನಾಳೆ ಬೆಳಿಗ್ಗೆ ನೀವೇ ಬನ್ನಿ, ಬೀದಿಯೋರ್ನೆಲ್ಲ ಕರೀತೀನಿ. ಅವ್ರ ಮುಂದೆ ಚೌಕಟ್ಟಿಗೆ ಕೈ ಹಾಕಿ ಕೀಳ್ಸಿ."

ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಗಾಜು ಮೇಲೇರಿತು.

ಮರುದಿನ ಬಿಸಿಲು ಏರುವವರೆಗೂ ನಾನು ಇಟ್ಟಿಗೆ ಮುಟ್ಟದೆ ಕಾದೆ. ಅವಳು ಕಾಯಲಿಲ್ಲ, ಅಂಗಡಿ ತೆಗೆಯಲು ಹೋಗಿದ್ದಳು. ಆಮೇಲೆ ಗಾರೆ ಕಲಸಿ, ಮುಂದಿನ ವರಸೆ ಕಟ್ಟಿದೆ.