ಕತ್ತರಿ ಹಾಕದ ಬಟ್ಟೆ

ಬೀದಿ ತಿರುವಿನ ದರ್ಜಿಗೆ ಚಿಕ್ಕಂದಿನಲ್ಲಿ ಪಿತ್ತನಾಳ ಚೀಲದಂತೆ ಊದಿಕೊಂಡಿತ್ತು. ವೈದ್ಯರು ಆ ಚೀಲವನ್ನು ತೆಗೆಯದೆ ಕರುಳಿಗೆ ಜೋಡಿಸಿ ಕಳಿಸಿದ್ದರು. ಅವನು ಬೆಳೆದು ದೊಡ್ಡವನಾದ, ಮದುವೆಯಾದ. ಅರ್ಧ ಊರಿನವರ ಹೊಟ್ಟೆಯ ಅಳತೆ ಅವನಿಗೆ ಬಾಯಿಪಾಠವಾಯಿತು. ಈಗ ಕಣ್ಣು ಹಳದಿಯಾಗಿ ಮೈಯೆಲ್ಲ ತುರಿಸತೊಡಗಿದಾಗ ಆಸ್ಪತ್ರೆಗೆ ಹೋದ. ಉಳಿಸಿದ್ದ ಚೀಲದಲ್ಲೇ ಕ್ಯಾನ್ಸರ್ ಬೆಳೆದಿತ್ತು. ಡಾಕ್ಟರು ಹೊಟ್ಟೆ ತೆರೆದು ನೋಡಿ, ಏನನ್ನೂ ತೆಗೆಯಲಾಗದೆ ಮುಚ್ಚಿದರು.

"ಆವತ್ತೇ ತೆಗೆದುಬಿಟ್ಟಿದ್ರೆ?" ಎಂದಳು ಹೆಂಡತಿ.

"ಆಗೆಲ್ಲ ತೆಗೀದೆ ಹೀಗೇ ಜೋಡಿಸ್ತಿದ್ರಮ್ಮ," ಎಂದರು ಡಾಕ್ಟರು.

ಮನೆಗೆ ಬಂದವನೇ ದರ್ಜಿ ಮುಂಭಾಗದ ಅಂಗಡಿಯ ಕಪಾಟು ತೆರೆದ. "ಕತ್ತರಿ ಹಾಕದ ಬಟ್ಟೆನೆಲ್ಲ ವಾಪಸ್ ಕೊಟ್ಬಿಡೇ. ಕತ್ತರಿಸಿದ್ದನ್ನ ಮಾತ್ರ ಹೊಲಿದು ಮುಗಿಸ್ತೀನಿ."

"ಇದೊಂದಾದ್ರೂ ಇರ್ಲಿ ರೀ," ಎಂದು ಅವಳು ಒಂದು ಅಂಗಿಬಟ್ಟೆಯನ್ನು ಕಪಾಟಿನಲ್ಲೇ ಬಿಟ್ಟಳು.

ಅವನು ಅದನ್ನೂ ತೆಗೆದು ಅವಳ ತೋಳಿನ ಮೇಲಿಟ್ಟ.