ಕೊಪ್ಪರಿಗೆ ಅಂಚಿನ ಗುಳಿ

ಹೋದ ವಾರ ನಮ್ಮ ಆಲೆಮನೆಯ ಹಳೇ ಕೊಪ್ಪರಿಗೆಯನ್ನು ಗುಜರಿಗೆ ಹಾಕೋಣವೆಂದು ಹೊರಗೆ ಎಳೆಸಿದೆ. ತಳ ಸವೆದು ತೂತು ಬಿದ್ದಿತ್ತು. ಗುಜರಿಯವನು ಅದರ ಸುತ್ತ ಒಂದು ಸುತ್ತು ಬಂದ. ಅಂಚಿನಲ್ಲಿ ಜಜ್ಜಿ ಗುಳಿಬಿದ್ದ ಜಾಗದ ಮೇಲೆ ಬೆರಳಾಡಿಸಿ, "ಇದೇನಣ್ಣೋ, ಇಲ್ಲಿ ಮಾತ್ರ ಇಂಗೆ ಜಜ್ಜೋಗದೆ?" ಎಂದ. ನನಗೆ ಟೀಚರಮ್ಮ ನೆನಪಾದರು…

ಆ ಗುಳಿ ನಾನೇ ಮಾಡಿದ್ದು. ಪಾಂಡವಪುರದ ರೈಲ್ವೆ ಸ್ಟೇಷನ್ ರಸ್ತೆಯ ಆ ಆಲೆಮನೆಯಲ್ಲಿ ಪಾಕ ನೋಡುವವನು ನಾನು. ಜಂಬ ಅಂದರೂ ಸರಿ, ಸುತ್ತಮುತ್ತ ನನ್ನಷ್ಟು ಪಾಕ ಬಲ್ಲವನಿರಲಿಲ್ಲ. ಕುದಿಯುವ ಕಬ್ಬಿನ ಹಾಲಿನ ವಾಸನೆ ಹಿಡಿದೇ ಇನ್ನೆಷ್ಟು ಹೊತ್ತು ಅನ್ನುವುದು ಗೊತ್ತಾಗುತ್ತಿತ್ತು. ಆದರೆ ಪಾಕ ಬಂದ ಕೂಡಲೇ "ಇಳಿಸ್ರಲಾ" ಅಂತ ಕೂಗಬೇಕು. ಒಂದು ಗಳಿಗೆ ತಡವಾದರೂ ಬೆಲ್ಲ ಕೆಟ್ಟಂಗೇ. ನನಗೆ ಆ ಕೂಗೇ ಬರುತ್ತಿರಲಿಲ್ಲ. ಚಿಕ್ಕಂದಿನಿಂದ ತೊದಲು. ನಾಲ್ಕನೇ ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಬಾಯಿ ಕಟ್ಟಿ ನಿಂತು, ಪೊಗರು ಅನ್ನಿಸಿಕೊಂಡು ಏಟು ತಿಂದು, ಸ್ಕೂಲು ಬಿಟ್ಟವನು. ಅದಕ್ಕೇ ಪಾಕ ಬಂದಾಗ ಸೌಟಿನಿಂದ ಕೊಪ್ಪರಿಗೆ ಅಂಚಿಗೆ ಮೂರು ಸಲ ಬಡಿಯುತ್ತಿದ್ದೆ. ಠಣ್, ಠಣ್, ಠಣ್. ಆಳುಗಳು ಓಡಿಬರುತ್ತಿದ್ದರು.

ತೊಂಬತ್ತರ ದಶಕದ ಮಾತು. ಟೀಚರಮ್ಮ ಕೆ.ಆರ್. ಪೇಟೆ ಕಡೆಯವರು. ಬೆಳಗ್ಗೆ ನಮ್ಮೂರ ಖಾಸಗಿ ಶಾಲೆಯಲ್ಲಿ ಪಾಠ ಹೇಳಿ, ಮಧ್ಯಾಹ್ನದ ರೈಲಿಗೆ ಮೈಸೂರಿಗೆ ಓದಲು ಹೋಗುತ್ತಿದ್ದರು. ಮಾತಿನ ತೊಂದರೆ ಇರುವವರಿಗೆ ಚಿಕಿತ್ಸೆ ಮಾಡುವ ವಿದ್ಯೆ. ಅದರಲ್ಲಿ ಮೊದಲ ಡಿಗ್ರಿ ಆಗಿದ್ದರೂ ಮನೆಯ ಕಷ್ಟಕ್ಕೆ ಟೀಚರ್ ಕೆಲಸ ಹಿಡಿದಿದ್ದರಂತೆ. ಈಗ ಎಂ.ಎಸ್ಸಿ. ಶಾಲೆಯ ಯಜಮಾನರು ಅರಳಿಕಟ್ಟೆ ಮೇಲೆ ಕೂತು ಆಡಿಕೊಳ್ಳುತ್ತಿದ್ದರು: "ನಮ್ ಟೀಚ್ರು ಮಾತು ಕಲಿಯಕ್ಕೆ ಮೈಸೂರ್ಗೆ ಹೋಯ್ತಾವ್ರೆ! ಅಲ್ಲ ಕಣ್ರಲಾ, ಇಷ್ಟ್ ದಿನ ಮಕ್ಳಿಗೇನು ಸನ್ನೇಲಿ ಪಾಠ ಮಾಡ್ತಿದ್ರಾ?" ಆ ವರ್ಷ ಪಾಸಾಗದಿದ್ದರೆ ಓದು ಬಿಡಿ, ಇಲ್ಲಾ ಕೆಲಸ ಬಿಡಿ ಅಂತಲೂ ಹೇಳಿಬಿಟ್ಟಿದ್ದರು.

ಒಂದು ದಿನ ರೈಲು ತಡವಾಗಿ, ಆಲೆಮನೆಗೆ ಕಬ್ಬಿನ ಹಾಲು ಕುಡಿಯಲು ಬಂದರು. ನಾನು ಬಡಿದದ್ದು ಕೇಳಿ, "ಯಾಕಣ್ಣಾ, ಕೂಗಬಾರ್ದಾ?" ಎಂದರು. ನಮ್ಮ ಆಳೊಬ್ಬ ನಡುವೆ ಬಾಯಿ ಹಾಕಿದ: "ಅವ್ನು ಕೂಗೋ ಒತ್ಗೆ ಬೆಲ್ಲ ಕಲ್ಲಾಗೋಯ್ತದೆ ಬುಡಿ ಟೀಚ್ರೇ!" ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮಾರನೇ ದಿನ ಬಂದು, ತೊದಲುವ ಒಬ್ಬರಿಗೆ ತಿಂಗಳುಗಟ್ಟಲೆ ಚಿಕಿತ್ಸೆ ಮಾಡಿ ಪರೀಕ್ಷೆಯವರ ಮುಂದೆ ಕೂರಿಸಿ ತೋರಿಸಬೇಕು, ನೀವು ಸಹಾಯ ಮಾಡ್ತೀರಾ ಅಂತ ಕೇಳಿದರು. ನನ್ನ ನಾಲಿಗೆಯಿಂದ ಒಬ್ಬರಿಗೆ ಸಹಾಯ! ನಾನು ಹೂಂ ಅಂತ ತಲೆ ಆಡಿಸಿಬಿಟ್ಟೆ.

ಅಂದಿನಿಂದ ರೈಲು ಬರುವವರೆಗೆ ಕಬ್ಬಿನ ಹೊರೆ ಮೇಲೆ ಕೂತು ಪಾಠ. ಬೆರಳಿಗೆಲ್ಲ ಕಾಪಿ ತಿದ್ದಿದ ಕೆಂಪು ಇಂಕು, ತೊಡೆ ಮೇಲೆ ನನ್ನ ತೊದಲು ಹಿಡಿದಿಡುವ ಟೇಪ್ ರೆಕಾರ್ಡರ್. ಉಸಿರು ಬಿಡುತ್ತಾ, ತುಟಿ ಮೆತ್ತಗೆ ತಾಗಿಸಿ, ನಿಧಾನ. "ತೊದಲಿದ್ರೆ ತೊದಲಲಿ ಅಣ್ಣಾ. ಮಾತು ಬಿಟ್ಟು ಓಡಬೇಡಿ, ಅಷ್ಟೇ" ಅನ್ನುತ್ತಿದ್ದರು.

ಆ ಮಾತನ್ನು ನಾನು ಕಿವಿಗೆ ಹಾಕಿಕೊಂಡೆನೇ ಹೊರತು ತಲೆಗೆ ಹಾಕಿಕೊಳ್ಳಲಿಲ್ಲ. ನಾನು ತೊದಲಿದರೆ ಅವರು ಫೇಲ್ ಅಂತ ನನ್ನ ಲೆಕ್ಕ. ಅವರಿಗೆ ತಿಳಿಯದಂತೆ ಹದಿನೈದು ದಿನ, ಪರೀಕ್ಷೆಯಲ್ಲಿ ಹೇಳಬೇಕಾದ್ದನ್ನೆಲ್ಲ ಸೌಟು ಆಡಿಸುವ ತಾಳಕ್ಕೆ ಕೂಡಿಸಿಕೊಂಡು ಬಾಯಿಪಾಠ ಮಾಡಿದೆ. ತಾಳಕ್ಕೆ ಹೇಳಿದರೆ ನಾಲಿಗೆ ಕಟ್ಟುತ್ತಿರಲಿಲ್ಲ. ಪರೀಕ್ಷೆಯ ದಿನ ಮೈಸೂರಿನಲ್ಲಿ ತೊಡೆ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ನೀರು ಹರಿದಂಗೆ ಒಪ್ಪಿಸಿದೆ. ಎದುರಿಗಿದ್ದ ಹಿರಿಯರು ಕನ್ನಡಕ ತೆಗೆದರು. "ಏನಮ್ಮಾ, ಆ ಟೇಪಿನಲ್ಲಿ ತೊದಲೋ ದನಿ ಇವರದ್ದೇನಾ? ಬೇರೆ ಯಾರನ್ನೋ ಕರ್ಕೊಂಡು ಬಂದಿದ್ದೀರಾ?"

ಟೀಚರಮ್ಮನ ಮುಖ ಬಿಳಿಚಿಕೊಂಡಿತು. ಆಮೇಲೆ ನನ್ನ ಬೆರಳು ನೋಡಿದರು. ಬೈಯಲಿಲ್ಲ. "ಬೆರಳು ಎತ್ತಿ ಅಣ್ಣಾ. ಬಾಯಿಪಾಠ ಬೇಡ. ಪಾಕ ಬಂದದ್ದು ಹೆಂಗೆ ಗೊತ್ತಾಗುತ್ತೆ, ಹೇಳಿ ಇವರಿಗೆ."

ಪ್… ಪ್… ಅಲ್ಲೇ ಕಟ್ಟಿಕೊಂಡಿತು. ಕೈಯಲ್ಲಿ ಸೌಟಿಲ್ಲ, ಬಡಿಯಲು ಅಂಚಿಲ್ಲ. ಕಣ್ಣು ಬಾಗಿಲ ಕಡೆ ಹೋಯಿತು. ಓಡಲಿಲ್ಲ. ಉಸಿರು ಬಿಟ್ಟೆ, ತುಟಿ ಮೆತ್ತಗೆ ಮಾಡಿದೆ. ಪಾ…ಕ. ಒಂದು ತೊಟ್ಟು ತಣ್ಣೀರಿಗೆ ಬಿಡಬೇಕು, ಬೆರಳಲ್ಲಿ ಉರುಟಿದರೆ ಉಂಡೆ ಆಗಬೇಕು, ಅದಕ್ಕೂ ಮೊದಲೇ ನೊರೆಯ ಬಣ್ಣ ತಿರುಗುತ್ತೆ… ಎಷ್ಟು ಕಡೆ ಎಡವಿದೆನೋ, ಎಲ್ಲೂ ಬಿಡಲಿಲ್ಲ. ಆ ಹಿರಿಯರು ಟೇಪಿನ ಮಾತು ಮತ್ತೆ ಎತ್ತಲೇ ಇಲ್ಲ. ನೊರೆಯ ಬಣ್ಣದ ಮೇಲೆ ಇನ್ನೆರಡು ಪ್ರಶ್ನೆ ಕೇಳಿದರು!

"ನನ್ನ ಡಿಗ್ರಿ ಮುಳುಗಿಸಿಬಿಡ್ತಿದ್ರಲ್ಲಣ್ಣಾ!" ಎಂದು ವಾಪಸ್ ರೈಲಿನಲ್ಲಿ ಶ್ರೀರಂಗಪಟ್ಟಣದ ಹೊಳೆ ದಾಟುವವರೆಗೂ ಟೀಚರಮ್ಮ ನಕ್ಕರು. ಪಾಸಾದರು. ಯಜಮಾನರು ಅದೇ ಅರಳಿಕಟ್ಟೆಯಲ್ಲಿ "ನಮ್ ಟೀಚ್ರು ಎಂ.ಎಸ್ಸಿ. ಕಣ್ರಲಾ" ಅನ್ನತೊಡಗಿದರು.

ಪರೀಕ್ಷೆಯ ಮಾರನೇ ದಿನ ಆಲೆಮನೆಯಲ್ಲಿ ಪಾಕ ಬಂತು. ಸೌಟು ಕೆಳಗಿಟ್ಟು, "ಇ…ಳಿಸ್ರಲಾ!" ಅಂತ ಕೂಗಿದೆ. ಒಬ್ಬನೂ ಅಲುಗಲಿಲ್ಲ. ಎಲ್ಲರೂ ಠಣ್ ಅನ್ನುವುದನ್ನೇ ಕಾಯುತ್ತಿದ್ದರು. "ಲೇ, ಈಗ ಕೂಗಿದ್ದು ಯಾರ್ಲಾ?" "ನಾನೇ ಕಣ್ಲಾ!" ಅಷ್ಟರಲ್ಲಿ ಆ ಕೊಪ್ಪರಿಗೆ ಬೆಲ್ಲ ಕಲ್ಲಾಗಿಹೋಯಿತು. ನನ್ನ ಜನ್ಮದಲ್ಲಿ ಕೆಟ್ಟ ಪಾಕ ಅದೊಂದೇ, ಅದಕ್ಕೆ ನನಗೆ ಇವತ್ತಿಗೂ ಹೆಮ್ಮೆ.

ಟೀಚರಮ್ಮ ಎಂ.ಎಸ್ಸಿ.ಗೆ ಬರೆದ ಪುಸ್ತಕದಲ್ಲಿ ನನ್ನ ಹೆಸರಿಲ್ಲ, 'ಬೆಲ್ಲ ಮಾಡುವವರು' ಅಂತಷ್ಟೇ ಇದೆ. ಹಂಗೆ ಹೆಸರು ಬರೆಯದಿರುವುದೇ ಮರ್ಯಾದೆ ಅಂದಿದ್ದರು. ನಾನೂ ಇಲ್ಲಿ ಅವರ ಹೆಸರಿಗೆ ಅದೇ ಮರ್ಯಾದೆ ಕೊಟ್ಟಿದ್ದೇನೆ. ಆಮೇಲೆ ಅವರು ನಾಗಮಂಗಲದ ಕಡೆ ಎಷ್ಟೋ ಮಕ್ಕಳಿಗೆ ಮಾತು ಕೊಟ್ಟರಂತೆ. ಹೋದ ವರ್ಷ ತೀರಿಕೊಂಡರು… ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಗುಜರಿಯವನಿಗೆ ಇದನ್ನೆಲ್ಲ ಹೇಳಿದೆ. ನಡುವೆ ಮೂರ್ನಾಲ್ಕು ಕಡೆ ನಾಲಿಗೆ ಕಟ್ಟಿತು. ಅವನು ಕಾದ, ನಾನೂ ಕಾದೆ. ಕೈ ಪಕ್ಕದಲ್ಲೇ ಕೊಪ್ಪರಿಗೆಯ ಅಂಚಿತ್ತು. ಬಡಿಯಲಿಲ್ಲ.